ಇರುವಿಕೆ ಮತ್ತು ಸೇರಿಕೆ: ಡೈರೆಕ್ಟರಿ ಸೇವೆಯ ಪೂರ್ವನಿಯೋಜಿತ ಆವರಣಗಳು ಹಾಗೂ ಬಳಗಗಳು

1. ಪೀಠಿಕೆ

ಹಸ್ತಪ್ರತಿಗಳ ಛಾಯಾಪ್ರತಿಗಳು, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು, ಶಾಸನಪಾಠಗಳ ಕರಡುಗಳು, ಸಂಶೋಧನ ಪ್ರಬಂಧಗಳು, ಆಂತರಿಕ ಪರೀಕ್ಷೆಯ ಅಂಕಪಟ್ಟಿಗಳು ಇವೆಲ್ಲವೂ ಒಂದು ಕಾಲಕ್ಕೆ ವಿಭಾಗದ ಬೀರುವಿನಲ್ಲಿರುತ್ತಿದ್ದವು. ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ವಿಭಾಗದ ಎಲ್ಲರಿಗೂ ಗೊತ್ತಿರುತ್ತಿತ್ತು. ಇಂದು ಇವುಗಳಲ್ಲಿ ಬಹುಪಾಲು ಸಂಸ್ಥೆಯ ಗಣಕಜಾಲಕ್ಕೆ ಹೋಗಿ ಸೇರಿವೆ. ಯಾವ ಕಡತವನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬ ಪ್ರಶ್ನೆಗಳಿಗೆ ಉತ್ತರವು ಈಗ 'ಡೈರೆಕ್ಟರಿ ಸೇವೆ' ಎಂಬ ವ್ಯವಸ್ಥೆಯೊಳಗೆ ಅಡಕವಾಗಿದೆ. ಆ ಉತ್ತರವನ್ನು ಬರೆದವರು ಯಾರು ಎಂದು ಕೇಳಿದರೆ, ಅನೇಕ ಸಂಸ್ಥೆಗಳಲ್ಲಿ ದೊರೆಯುವ ಉತ್ತರ 'ಯಾರೂ ಅಲ್ಲ' ಎಂಬುದೇ ಆಗಿರುತ್ತದೆ. ತಂತ್ರಾಂಶವನ್ನು ಸ್ಥಾಪಿಸಿದ ದಿನ ತಾನಾಗಿ ಏರ್ಪಟ್ಟ ವ್ಯವಸ್ಥೆಯೇ ಹಾಗೆಯೇ ಮುಂದುವರಿದಿರುತ್ತದೆ.

ಈ ತಾನಾಗಿ ಏರ್ಪಟ್ಟ ವ್ಯವಸ್ಥೆಯ ಸ್ವರೂಪವನ್ನು, ಅದನ್ನು ಮರುಸಂಘಟಿಸುವ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ತಂತ್ರಜ್ಞರ ವಿಷಯವಲ್ಲವೇ ಎಂಬ ಆಕ್ಷೇಪ ಸಹಜವಾದುದು. ಆದರೆ ಮೂಲತಃ ಇದು ಹೆಸರಿಡುವ ಮತ್ತು ವರ್ಗೀಕರಿಸುವ ಕೆಲಸ. ನಿಘಂಟು, ವ್ಯಾಕರಣ, ಹಸ್ತಪ್ರತಿಸೂಚಿಗಳ ಅಧ್ಯಯನದಲ್ಲಿ ತೊಡಗಿದವರಿಗೆ ಈ ಕೆಲಸ ಅಪರಿಚಿತವೇನಲ್ಲ. ಮೇಲಾಗಿ, ಇಲ್ಲಿ ಬಳಕೆಯಾಗುವ ಎರಡು ಪರಿಕಲ್ಪನೆಗಳನ್ನು ಕನ್ನಡದಲ್ಲಿ ಒಂದೇ ಪದದಿಂದ ಕರೆದುಬಿಟ್ಟರೆ ಇಡೀ ವಿಷಯವೇ ಅರ್ಥವಾಗದೆ ಹೋಗುವ ಅಪಾಯವಿದೆ. ಆದ್ದರಿಂದ ಪರಿಭಾಷೆಯ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ.

2. ಡೈರೆಕ್ಟರಿ ಸೇವೆ: ವಿಳಾಸದ ವೃಕ್ಷ

ಡೈರೆಕ್ಟರಿ ಎಂದೊಡನೆ ನಮಗೆ ದೂರವಾಣಿ ಡೈರೆಕ್ಟರಿ ನೆನಪಾಗುತ್ತದೆ. ಅದು ಅಕಾರಾದಿಯಾಗಿ ಜೋಡಿಸಿದ ಹೆಸರುಗಳ ಪಟ್ಟಿ. ಗಣಕಜಾಲದ ಡೈರೆಕ್ಟರಿಯೂ ಹೆಸರುಗಳ ಸಂಗ್ರಹವೇ. ಸಂಸ್ಥೆಯ ಬಳಕೆದಾರರು, ಗಣಕಗಳು, ಮುದ್ರಣಯಂತ್ರಗಳು ಪ್ರತಿಯೊಂದಕ್ಕೂ ಅಲ್ಲಿ ಒಂದೊಂದು ದಾಖಲೆಯಿರುತ್ತದೆ. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಇದರ ಜೋಡಣೆ ಪಟ್ಟಿಯ ರೂಪದ್ದಲ್ಲ, ವೃಕ್ಷದ ರೂಪದ್ದು.

ಈ ವೃಕ್ಷರೂಪವನ್ನು ನಿಗದಿಗೊಳಿಸಿದ್ದು 1988ರಲ್ಲಿ ಪ್ರಕಟವಾದ 'ಎಕ್ಸ್.500' ಎಂಬ ಅಂತರರಾಷ್ಟ್ರೀಯ ಮಾನಕ. ಅದು ಬಹು ಭಾರವಾದ ವ್ಯವಸ್ಥೆಯಾಗಿದ್ದುದರಿಂದ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮೊದಲಾದವರು ಅದನ್ನು ಹಗುರಗೊಳಿಸುವ ಕೆಲಸ ಮಾಡಿದರು. ಅದರ ಫಲವಾಗಿ 1993ರಲ್ಲಿ 'ಎಲ್‌ಡ್ಯಾಪ್' ಎಂಬ ಸಂವಹನ ನಿಯಮ ರೂಪುಗೊಂಡಿತು. ಮೈಕ್ರೋಸಾಫ್ಟ್ ಸಂಸ್ಥೆಯು 2000ದಲ್ಲಿ ವಿಂಡೋಸ್ 2000 ಸರ್ವರಿನೊಂದಿಗೆ ಹೊರತಂದ 'ಆ್ಯಕ್ಟಿವ್ ಡೈರೆಕ್ಟರಿ' ಇದೇ ಪರಂಪರೆಯದು. ಕಚೇರಿ, ಕಾಲೇಜುಗಳಲ್ಲಿ ವ್ಯಾಪಕ ಬಳಕೆಯಲ್ಲಿರುವುದೂ ಅದೇ. 2012ರ ಡಿಸೆಂಬರಿನಲ್ಲಿ ಬಿಡುಗಡೆಯಾದ 'ಸಾಂಬಾ 4' ಎಂಬ ಮುಕ್ತ ತಂತ್ರಾಂಶವು ಇದೇ ಸ್ವರೂಪದ ಸೇವೆಯನ್ನು ಪರವಾನಗಿ ಶುಲ್ಕವಿಲ್ಲದೆ ಒದಗಿಸುತ್ತದೆ. ಹೀಗಾಗಿ ಮುಂದಿನ ವಿವರಣೆಗೆ ಆ್ಯಕ್ಟಿವ್ ಡೈರೆಕ್ಟರಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ವೃಕ್ಷರೂಪದ ಹೆಸರು ಎಂದರೇನು ಎಂಬುದನ್ನು ತಿಳಿಯಲು ಪಶ್ಚಿಮ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಒಂದು ಅಂಚೆ ವಿಳಾಸವನ್ನು ನೋಡಿದರೆ ಸಾಕು. ಮನೆಯ ಸಂಖ್ಯೆ, ಕ್ರಾಸ್, ಮೇನ್, ಬಡಾವಣೆ, ನಗರ ಎಂಬ ಕ್ರಮದಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ವಿಳಾಸ ಬೆಳೆಯುತ್ತದೆ. 'ಐದನೆಯ ಕ್ರಾಸ್' ಎಂದಷ್ಟೇ ಹೇಳಿದರೆ ಬೆಂಗಳೂರಿನಲ್ಲಿ ಅಂಥ ನೂರಾರು ಕ್ರಾಸುಗಳಿವೆ. ಬಡಾವಣೆಯ ಹೆಸರು ಸೇರಿದಾಗ ಮಾತ್ರ ಅದು ಒಂದು ನಿರ್ದಿಷ್ಟ ಸ್ಥಳವಾಗುತ್ತದೆ. 1972ರಲ್ಲಿ ಜಾರಿಗೆ ಬಂದ ಪಿನ್‌ಕೋಡಿನಲ್ಲಿ ಇದೇ ಕ್ರಮ ತಿರುಗುಮುರುಗಾಗಿದೆ. ಮಹಾಲಕ್ಷ್ಮೀಪುರಂ ಅಂಚೆ ಕಚೇರಿಯ 560086 ಎಂಬ ಸಂಖ್ಯೆಯಲ್ಲಿ ಮೊದಲ ಅಂಕಿ ದೇಶದ ಒಂದು ವಲಯವನ್ನೂ, ಮೊದಲ ಮೂರು ಅಂಕಿಗಳು ಬೆಂಗಳೂರನ್ನೂ, ಕೊನೆಯ ಮೂರು ನಿರ್ದಿಷ್ಟ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ.

ಡೈರೆಕ್ಟರಿಯ ಹೆಸರು ಮನೆಯ ವಿಳಾಸದ ಕ್ರಮವನ್ನು ಅನುಸರಿಸುತ್ತದೆ. ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಿ ಕೇಶಿರಾಜ ಎಂಬ ಅಧ್ಯಾಪಕರಿದ್ದಾರೆ ಎಂದು ಭಾವಿಸಿದರೆ, ಅವರ ಪೂರ್ಣನಾಮವು 'ಸಿಎನ್=ಕೇಶಿರಾಜ, ಓಯು=ಕನ್ನಡ, ಓಯು=ಅಧ್ಯಾಪಕರು, ಡಿಸಿ=ಕಾಲೇಜು, ಡಿಸಿ=ಇನ್' ಎಂಬಂತಿರುತ್ತದೆ. 'ಸಿಎನ್' ಎಂಬುದು ವಸ್ತುವಿನ ರೂಢನಾಮ, 'ಓಯು' ಎಂಬುದು ಅದು ಇರುವ ಘಟಕ, 'ಡಿಸಿ' ಎಂಬುದು ಜಾಲಕ್ಷೇತ್ರದ ಹೆಸರಿನ ಭಾಗ. ಇಂಗ್ಲಿಷ್ ವಿಭಾಗದಲ್ಲಿಯೂ ಒಬ್ಬ ಕೇಶಿರಾಜರಿದ್ದರೆ ಇಬ್ಬರ ಪೂರ್ಣನಾಮಗಳು ಬೇರೆಬೇರೆಯಾಗುತ್ತವೆ.

3. ಆವರಣ ಮತ್ತು ಬಳಗ: ಸಪ್ತಮಿ ಮತ್ತು ಷಷ್ಠಿ

ಡೈರೆಕ್ಟರಿಯಲ್ಲಿ ವಸ್ತುಗಳನ್ನು ಒಟ್ಟುಗೂಡಿಸುವ ವಿಧಾನಗಳು ಎರಡು. ಒಂದು ಕಂಟೇನರ್, ಇನ್ನೊಂದು ಗ್ರೂಪ್. ಇವುಗಳನ್ನು ಇಲ್ಲಿ ಕ್ರಮವಾಗಿ 'ಆವರಣ' ಮತ್ತು 'ಬಳಗ' ಎಂದು ಕರೆಯಲಾಗಿದೆ. ಆವರಣವೆಂಬುದು ವಸ್ತು ಇರುವ ಸ್ಥಾನ. ಒಂದು ವಸ್ತು ಒಂದು ಕಾಲಕ್ಕೆ ಒಂದೇ ಆವರಣದಲ್ಲಿ ಇರಲು ಸಾಧ್ಯ. ಬಳಗವೆಂಬುದು ಸಂಬಂಧ. ಒಂದೇ ವಸ್ತು ಅನೇಕ ಬಳಗಗಳಿಗೆ ಸೇರಿರಬಹುದು. ಬಳಗವೊಂದು ಮತ್ತೊಂದು ಬಳಗದ ಸದಸ್ಯನೂ ಆಗಬಹುದು.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಆವರಣದ್ದು ಸಪ್ತಮಿಯ ಸಂಬಂಧ, ಬಳಗದ್ದು ಷಷ್ಠಿಯ ಸಂಬಂಧ. ಹಳಗನ್ನಡದ 'ಒಳ್', ಹೊಸಗನ್ನಡದ 'ಅಲ್ಲಿ' ಪ್ರತ್ಯಯಗಳು ಅಧಿಕರಣವನ್ನು ಹೇಳುತ್ತವೆ: ಕೇಶಿರಾಜರು ಕನ್ನಡ ಘಟಕದಲ್ಲಿ ಇದ್ದಾರೆ. ಷಷ್ಠಿಯ 'ಅ' ಪ್ರತ್ಯಯವು ಸಂಬಂಧವನ್ನು ಹೇಳುತ್ತದೆ: ಕೇಶಿರಾಜರು ಹಸ್ತಪ್ರತಿ ಯೋಜನೆಯ ಸದಸ್ಯರು, ಪರೀಕ್ಷಾ ಸಮಿತಿಯ ಸದಸ್ಯರು, ಗ್ರಂಥಾಲಯ ಸಮಿತಿಯ ಸದಸ್ಯರು. 'ಅಲ್ಲಿ' ಒಂದು, 'ಅ' ಹಲವು. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಗಮವಾಗುತ್ತದೆ.

ಮಹಾಲಕ್ಷ್ಮಿ ಲೇಔಟಿನ ಉದಾಹರಣೆ ಇಲ್ಲಿಯೂ ಉಪಯುಕ್ತ. ಆ ಬಡಾವಣೆಯ ಮನೆಯೊಂದು ನೆಲದ ಮೇಲೆ ಒಂದೇ ಕಡೆ ಇದೆ. ಆದರೆ ಅದರ ನಿವಾಸಿಗಳು ವಿಧಾನಸಭೆಗೆ ಮಹಾಲಕ್ಷ್ಮಿ ಲೇಔಟ್ ಕ್ಷೇತ್ರದ ಮತದಾರರು, ಲೋಕಸಭೆಗೆ ಬೆಂಗಳೂರು ಉತ್ತರ ಕ್ಷೇತ್ರದ ಮತದಾರರು. ಇನ್ನು ನಗರಾಡಳಿತವನ್ನು ನೋಡಿದರೆ, 2007ರಲ್ಲಿ ರಚನೆಯಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಅಡಿಯಲ್ಲಿ ಐದು ನಗರ ಪಾಲಿಕೆಗಳೂ ಅಸ್ತಿತ್ವಕ್ಕೆ ಬಂದವು. ಮಹಾಲಕ್ಷ್ಮಿ ಲೇಔಟ್ ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದೆ. ಒಂದೇ ಮನೆ ಒಂದು ಲೆಕ್ಕದಲ್ಲಿ 'ಉತ್ತರ', ಇನ್ನೊಂದು ಲೆಕ್ಕದಲ್ಲಿ 'ಪಶ್ಚಿಮ'. ಸೇರಿಕೆಗಳು ಬದಲಾದವು, ಮನೆ ಸ್ಥಳ ಬಿಟ್ಟು ಕದಲಲಿಲ್ಲ. ಡೈರೆಕ್ಟರಿಯಲ್ಲಿ ಇದರ ವಿಲೋಮವೂ ಸತ್ಯ. ಬಳಕೆದಾರರ ದಾಖಲೆಯನ್ನು ಒಂದು ಆವರಣದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದರೂ ಅವರ ಬಳಗಗಳ ಸದಸ್ಯತ್ವ ಹಾಗೆಯೇ ಉಳಿಯುತ್ತದೆ.

ಈ ಎರಡು ವಿಧಾನಗಳ ಪ್ರಯೋಜನಗಳೂ ಬೇರೆಬೇರೆ. ಕಡತವನ್ನು ತೆರೆಯುವ, ತಿದ್ದುವ ಹಕ್ಕು ದೊರೆಯುವುದು ಬಳಗದ ಮೂಲಕ. ಗುಪ್ತಪದವನ್ನು ಮರುಹೊಂದಿಸುವಂಥ ಆಡಳಿತಾಧಿಕಾರವನ್ನು ಹಂಚುವುದು, ಗಣಕದ ಪರದೆ ಎಷ್ಟು ನಿಮಿಷಕ್ಕೆ ಮುಚ್ಚಿಕೊಳ್ಳಬೇಕು, ಯಾವ ತಂತ್ರಾಂಶ ಸ್ಥಾಪನೆಯಾಗಬೇಕು ಎಂಬಂಥ ನಿಯಮಾವಳಿಗಳನ್ನು ಅನ್ವಯಿಸುವುದು ಆವರಣದ ಮೂಲಕ. ಬಳಗವು ಹಕ್ಕಿಗೆ, ಆವರಣವು ಆಡಳಿತಕ್ಕೆ ಎಂದು ಇದನ್ನು ಸಂಗ್ರಹಿಸಬಹುದು.

4. ಪೂರ್ವನಿಯೋಜಿತ ಆವರಣಗಳು

ಆ್ಯಕ್ಟಿವ್ ಡೈರೆಕ್ಟರಿಯ ಹೊಸ ಕ್ಷೇತ್ರವೊಂದು ಸ್ಥಾಪನೆಯಾದೊಡನೆ ಕೆಲವು ಆವರಣಗಳು ತಾವಾಗಿ ಸಿದ್ಧವಾಗಿರುತ್ತವೆ. 'ಬಿಲ್ಟಿನ್' ಎಂಬಲ್ಲಿ ವ್ಯವಸ್ಥೆಯ ಹುಟ್ಟಿನೊಂದಿಗೇ ಬಂದ ಬಳಗಗಳಿರುತ್ತವೆ. 'ಯೂಸರ್ಸ್' ಎಂಬಲ್ಲಿ ಇನ್ನೂ ಕೆಲವು ಪೂರ್ವನಿಯೋಜಿತ ಬಳಗಗಳೂ ಮೂಲ ಖಾತೆಗಳೂ ಇರುತ್ತವೆ. ಎಲ್ಲಿ ಎಂದು ಹೇಳದೆ ಸೃಷ್ಟಿಸಿದ ಹೊಸ ಬಳಕೆದಾರರೂ ಇಲ್ಲಿಗೇ ಬಂದು ಸೇರುತ್ತಾರೆ. 'ಕಂಪ್ಯೂಟರ್ಸ್' ಎಂಬಲ್ಲಿ ಜಾಲಕ್ಕೆ ಸೇರಿದ ಹೊಸ ಗಣಕಗಳು ಬಂದು ಬೀಳುತ್ತವೆ. 'ಡೊಮೈನ್ ಕಂಟ್ರೋಲರ್ಸ್' ಎಂಬಲ್ಲಿ ಡೈರೆಕ್ಟರಿಯನ್ನು ನಡೆಸುವ ಸರ್ವರುಗಳಿರುತ್ತವೆ. ಅನ್ಯ ಕ್ಷೇತ್ರಗಳಿಂದ ಬಂದವರ ಗುರುತುಗಳಿಗೆ ಪ್ರತ್ಯೇಕ ಆವರಣವಿದೆ.

'ಲಾಸ್ಟ್ ಆ್ಯಂಡ್ ಫೌಂಡ್' ಎಂಬ ಇನ್ನೊಂದು ಆವರಣ ಸಾಮಾನ್ಯ ನೋಟಕ್ಕೆ ಕಾಣುವುದಿಲ್ಲ. ಡೈರೆಕ್ಟರಿಯ ಪ್ರತಿಗಳು ಒಂದಕ್ಕಿಂತ ಹೆಚ್ಚು ಸರ್ವರುಗಳಲ್ಲಿರುವುದರಿಂದ, ಒಂದು ಕಡೆ ಘಟಕವೊಂದನ್ನು ಅಳಿಸುತ್ತಿರುವಾಗಲೇ ಮತ್ತೊಂದು ಕಡೆ ಅದೇ ಘಟಕದೊಳಗೆ ಹೊಸ ದಾಖಲೆ ಸೃಷ್ಟಿಯಾಗಬಹುದು. ಎರಡೂ ಪ್ರತಿಗಳು ಹೊಂದಾಣಿಕೆಯಾದಾಗ ಆ ದಾಖಲೆಗೆ ಮನೆಯೇ ಇಲ್ಲವಾಗುತ್ತದೆ. ಅಂಥ ಅನಾಥ ದಾಖಲೆಗಳು ಬಂದು ಸೇರುವ ತಾಣ ಇದು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಮೇಲೆ ಹೇಳಿದವುಗಳಲ್ಲಿ 'ಡೊಮೈನ್ ಕಂಟ್ರೋಲರ್ಸ್' ಒಂದೇ ನಿಜವಾದ ಅರ್ಥದಲ್ಲಿ ಆಡಳಿತ ಘಟಕ. ತಂತ್ರಪರಿಭಾಷೆಯ 'ಓಯು' ಎಂಬುದು ಇದೇ. 'ಯೂಸರ್ಸ್' ಮತ್ತು 'ಕಂಪ್ಯೂಟರ್ಸ್' ಎಂಬವು ಬರಿಯ ಆವರಣಗಳು. ನೋಟಕ್ಕೆ ಎರಡೂ ಕಡತಕೋಶದಂತೆಯೇ ಕಾಣುತ್ತವೆ. ಆದರೆ ನಿಯಮಾವಳಿಯನ್ನು ಘಟಕಕ್ಕೆ ಜೋಡಿಸಬಹುದು, ಬರಿಯ ಆವರಣಕ್ಕೆ ಜೋಡಿಸಲಾಗದು. ಬರಿಯ ಆವರಣದೊಳಗೆ ಉಪಘಟಕಗಳನ್ನು ರಚಿಸಲೂ ಆಗದು. ಪರಿಣಾಮವಾಗಿ, ಅಲ್ಲಿರುವ ವಸ್ತುಗಳಿಗೆ ಇಡೀ ಕ್ಷೇತ್ರಕ್ಕೆ ಅನ್ವಯವಾಗುವ ಸಾಮಾನ್ಯ ನಿಯಮಗಳು ತಗಲುತ್ತವೆಯೇ ಹೊರತು, ವಿಶೇಷ ನಿಯಮ ಯಾವುದೂ ತಗಲುವುದಿಲ್ಲ. ಪರೀಕ್ಷಾ ವಿಭಾಗದ ಗಣಕವೂ ವಿದ್ಯಾರ್ಥಿಗಳ ಪ್ರಯೋಗಾಲಯದ ಗಣಕವೂ 'ಕಂಪ್ಯೂಟರ್ಸ್' ಆವರಣದಲ್ಲಿಯೇ ಉಳಿದರೆ ವ್ಯವಸ್ಥೆಯ ದೃಷ್ಟಿಯಲ್ಲಿ ಎರಡೂ ಒಂದೇ.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯೂ ಇದೆ. ಮೂಲ ಏರ್ಪಾಡಿನ ಪ್ರಕಾರ ಕ್ಷೇತ್ರದ ಯಾವುದೇ ಸಾಮಾನ್ಯ ಬಳಕೆದಾರರು 10 ಗಣಕಗಳವರೆಗೆ ಜಾಲಕ್ಕೆ ಸೇರಿಸಬಹುದು. ಅನುಮತಿ ಕೊಟ್ಟವರು ಯಾರೂ ಇಲ್ಲ. ನಿರಾಕರಿಸದೆ ಉಳಿದದ್ದರಿಂದ ಅದು ದೊರೆತಿದೆ.

5. ಪೂರ್ವನಿಯೋಜಿತ ಬಳಗಗಳು: ಹೆಸರು ಮತ್ತು ಅಧಿಕಾರ

ಪೂರ್ವನಿಯೋಜಿತ ಬಳಗಗಳ ವಿಷಯದಲ್ಲಿ ತೊಡಕು ಆರಂಭವಾಗುವುದು ಹೆಸರುಗಳಿಂದ. 'ಯೂಸರ್ಸ್' ಎಂಬುದು ಒಂದು ಆವರಣದ ಹೆಸರು. ಬಿಲ್ಟಿನ್ ಆವರಣದೊಳಗೆ 'ಯೂಸರ್ಸ್' ಎಂಬ ಬಳಗವೂ ಇದೆ. ಯೂಸರ್ಸ್ ಆವರಣದೊಳಗೆ 'ಡೊಮೈನ್ ಯೂಸರ್ಸ್' ಎಂಬ ಬೇರೊಂದು ಬಳಗವಿದೆ. ಹೊಸ ಬಳಕೆದಾರರೆಲ್ಲರೂ ತಾವಾಗಿ ಇದರ ಸದಸ್ಯರಾಗುತ್ತಾರೆ. 'ಡೊಮೈನ್ ಕಂಟ್ರೋಲರ್ಸ್' ಎಂಬ ಘಟಕವಿರುವಂತೆ ಅದೇ ಹೆಸರಿನ ಬಳಗವೂ ಇದೆ. ನಾನಾರ್ಥಪದಗಳ ಈ ಸಂದಣಿಯಲ್ಲಿ, ಒಂದು ಆವರಣದಲ್ಲಿ ಇರುವುದೇ ಒಂದು ಬಳಗಕ್ಕೆ ಸೇರಿದಂತೆ ಎಂಬ ಭ್ರಮೆ ಹುಟ್ಟುವುದು ಸುಲಭ. 'ಡೊಮೈನ್ ಅಡ್ಮಿನ್ಸ್' ಎಂಬ ಸರ್ವಾಧಿಕಾರದ ಬಳಗವೂ ಸಾಮಾನ್ಯ ಬಳಕೆದಾರರ ದಾಖಲೆಗಳೂ ಮೂಲ ಏರ್ಪಾಡಿನಲ್ಲಿ ಒಂದೇ 'ಯೂಸರ್ಸ್' ಆವರಣದಲ್ಲಿ ಅಕ್ಕಪಕ್ಕದಲ್ಲಿರುತ್ತವೆ ಎಂಬುದನ್ನು ನೆನೆದರೆ ಈ ಭ್ರಮೆಯ ಅಪಾಯ ತಿಳಿಯುತ್ತದೆ.

ಎರಡನೆಯ ತೊಡಕು ಹೆಸರಿನ ವಾಚ್ಯಾರ್ಥಕ್ಕೂ ಅದರ ಅಧಿಕಾರಕ್ಕೂ ಇರುವ ಅಂತರ. 'ಪ್ರಿಂಟ್ ಆಪರೇಟರ್ಸ್' ಎಂಬ ಬಳಗವನ್ನು ನೋಡಿ, ಕಚೇರಿಯಲ್ಲಿ ಮುದ್ರಣಯಂತ್ರ ನೋಡಿಕೊಳ್ಳುವ ಸಹಾಯಕರನ್ನು ಅದಕ್ಕೆ ಸೇರಿಸುವುದು ಸಹಜವೆನಿಸುತ್ತದೆ. ಆದರೆ ಆ ಬಳಗದ ಸದಸ್ಯರು ಡೈರೆಕ್ಟರಿಯನ್ನು ನಡೆಸುವ ಸರ್ವರಿಗೆ ನೇರವಾಗಿ ಪ್ರವೇಶಿಸಬಲ್ಲರು, ಅದರಲ್ಲಿ ಯಂತ್ರಚಾಲಕ ತಂತ್ರಾಂಶಗಳನ್ನು ಅಳವಡಿಸಬಲ್ಲರು. 'ಬ್ಯಾಕಪ್ ಆಪರೇಟರ್ಸ್' ಬಳಗದವರು ಅನುಮತಿಯ ತಡೆಗಳನ್ನು ದಾಟಿ ಆ ಸರ್ವರಿನ ಕಡತಗಳ ಪ್ರತಿ ತೆಗೆಯಬಲ್ಲರು. ಡೈರೆಕ್ಟರಿಯ ಸಂಪೂರ್ಣ ದತ್ತವೂ ಅದರಲ್ಲಿ ಸೇರುತ್ತದೆ. 'ಅಕೌಂಟ್ ಆಪರೇಟರ್ಸ್' ಬಳಗದವರು ಆಡಳಿತಗಾರರನ್ನುಳಿದು ಬಹುಪಾಲು ಎಲ್ಲರ ಖಾತೆಗಳನ್ನು ತಿದ್ದಬಲ್ಲರು. ಚಿಕ್ಕ ಕೆಲಸದ ಹೆಸರು, ದೊಡ್ಡ ಅಧಿಕಾರ. ಈ ಬಳಗಗಳನ್ನು ಖಾಲಿಯಾಗಿಯೇ ಇರಿಸಬೇಕೆಂಬುದು ಮೈಕ್ರೋಸಾಫ್ಟ್ ಸಂಸ್ಥೆಯದೇ ಸಲಹೆ.

ಹೆಸರನ್ನು ಬದಲಾಯಿಸಿದರೆ ಅಧಿಕಾರ ಬದಲಾಗುತ್ತದೆಯೇ? ಇಲ್ಲ. ಪ್ರತಿಯೊಂದು ಬಳಗಕ್ಕೂ ಹೆಸರಿನ ಹಿಂದೆ ಒಂದು ಗುರುತಿನ ಸಂಖ್ಯೆಯಿರುತ್ತದೆ. ಬಿಲ್ಟಿನ್ ಆವರಣದ ಆಡಳಿತಗಾರರ ಬಳಗದ ಸಂಖ್ಯೆ ಎಲ್ಲ ಕಡೆಯೂ 544ರಿಂದ ಕೊನೆಗೊಳ್ಳುತ್ತದೆ. ಜರ್ಮನ್ ಭಾಷೆಯ ವಿಂಡೋಸಿನಲ್ಲಿ ಈ ಬಳಗದ ಹೆಸರು 'ಆಡ್ಮಿನಿಸ್ಟ್ರಾಟೋರೆನ್' ಎಂದಿದ್ದರೂ ಸಂಖ್ಯೆ ಅದೇ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ರೂಢಿಯದು ಮಾತ್ರ ಎಂಬ ಭಾಷಾವಿಜ್ಞಾನದ ಮೊದಲ ಪಾಠಕ್ಕೆ ಇದೊಂದು ಉತ್ತಮ ನಿದರ್ಶನ. ಇಂಥ ಪ್ರಬಲ ಬಳಗಗಳ ಮತ್ತು ಅವುಗಳ ಸದಸ್ಯರ ಅನುಮತಿಗಳನ್ನು ಯಾರಾದರೂ ಸಡಿಲಿಸಿದರೆ, ವ್ಯವಸ್ಥೆಯು ಮೂಲ ಏರ್ಪಾಡಿನಲ್ಲಿ 60 ನಿಮಿಷಗಳಿಗೊಮ್ಮೆ ಪರಿಶೀಲಿಸಿ ಅವುಗಳನ್ನು ಮತ್ತೆ ಮೊದಲಿನಂತೆ ಬಿಗಿಗೊಳಿಸುತ್ತದೆ.

6. ವರ್ಗೀಕರಣದ ಪರಂಪರೆಯಲ್ಲಿ 'ಉಳಿದವು'

ಎಲ್ಲಿಯೂ ಹೊಂದದ ವಸ್ತುಗಳಿಗೆ ಒಂದು ಸ್ಥಾನ ಕಲ್ಪಿಸುವುದು ಯಾವುದೇ ವರ್ಗೀಕರಣಕ್ಕೆ ಅನಿವಾರ್ಯ. ಅಮರಸಿಂಹನ ಕೋಶವು ಪದಗಳನ್ನು ಮೂರು ಕಾಂಡಗಳಲ್ಲಿ, ಒಂದೊಂದು ಕಾಂಡವನ್ನು ಹಲವು ವರ್ಗಗಳಲ್ಲಿ ಹಂಚುತ್ತದೆ. ಸ್ವರ್ಗ, ಭೂಮಿ, ಪುರ, ಶೈಲ, ವನೌಷಧಿ ಎಂದು ಸಾಗುವ ವರ್ಗಗಳು ಮೂರನೆಯ ಕಾಂಡಕ್ಕೆ ಬಂದಾಗ 'ಸಂಕೀರ್ಣವರ್ಗ'ವೂ ಕಾಣಿಸಿಕೊಳ್ಳುತ್ತದೆ. 'ನಾಚಿರಾಜೀಯ'ದಂಥ ಟೀಕೆಯ ಮೂಲಕ ಕನ್ನಡಕ್ಕೆ ಪರಿಚಿತವಾದ ಈ ಕೋಶದಲ್ಲಿ ಗಮನಾರ್ಹವಾದುದು ಸಂಕೀರ್ಣವರ್ಗದ ಸ್ಥಾನ. ಕೋಶಕಾರನು ಮೊದಲು ವಿಂಗಡಿಸಿದ್ದಾನೆ, ವಿಂಗಡಣೆಗೆ ಒಗ್ಗದೆ ಉಳಿದದ್ದನ್ನು ಕೊನೆಯಲ್ಲಿ ಒಟ್ಟುಗೂಡಿಸಿದ್ದಾನೆ. ಡೈರೆಕ್ಟರಿಯ ಪೂರ್ವನಿಯೋಜಿತ ಆವರಣದಲ್ಲಿ ನಡೆಯುವುದು ಇದರ ತದ್ವಿರುದ್ಧ. ಅಲ್ಲಿ ವಿಂಗಡಣೆಗೆ ಮೊದಲೇ 'ಉಳಿದವು' ಎಂಬ ರಾಶಿ ಸಿದ್ಧವಾಗಿರುತ್ತದೆ, ಎಲ್ಲವೂ ಮೊದಲು ಅದಕ್ಕೇ ಬೀಳುತ್ತವೆ.

'ಉಳಿದವು' ಎಂಬ ವರ್ಗ ಯಾರ ದೃಷ್ಟಿಯಿಂದ ರಚಿತವಾಯಿತು ಎಂಬುದೂ ಮುಖ್ಯ. 1876ರಲ್ಲಿ ಮೊದಲು ಪ್ರಕಟವಾದ ಮೆಲ್ವಿಲ್ ಡ್ಯೂಯಿಯ ದಶಾಂಶ ವರ್ಗೀಕರಣವನ್ನು ನಮ್ಮ ಅನೇಕ ಗ್ರಂಥಾಲಯಗಳು ಅನುಸರಿಸುತ್ತವೆ. ಅದರಲ್ಲಿ ಸಾಹಿತ್ಯದ 800ರ ಶ್ರೇಣಿಯಲ್ಲಿ ಅಮೆರಿಕದ ಇಂಗ್ಲಿಷಿಗೆ 810, ಇಂಗ್ಲಿಷಿಗೆ 820, ಜರ್ಮನ್ ಸಾಹಿತ್ಯಕ್ಕೆ 830, ಫ್ರೆಂಚಿಗೆ 840 ಎಂದು ಹಂಚಿಕೆಯಾಗುತ್ತ 880ರಲ್ಲಿ ಗ್ರೀಕ್ ಮುಗಿಯುತ್ತದೆ. 890 ಎಂಬುದು 'ಇತರ ಭಾಷೆಗಳ ಸಾಹಿತ್ಯ'. ಕನ್ನಡ ಸಾಹಿತ್ಯದ ಸಂಖ್ಯೆ 894.814. ಸಾವಿರ ವರ್ಷಗಳಿಗೂ ಮಿಕ್ಕಿದ ಸಾಹಿತ್ಯವೊಂದು 'ಇತರ'ದ ಒಳಗಿನ ಒಂದು ಉಪವಿಭಾಗದ ಉಪವಿಭಾಗವಾಗಿದೆ. ಡ್ಯೂಯಿಗೆ ಕನ್ನಡದ ಮೇಲೆ ದ್ವೇಷವಿತ್ತೆಂದು ಇದರ ಅರ್ಥವಲ್ಲ. ಅವನು ತನ್ನ ಮುಂದಿದ್ದ ಕಪಾಟುಗಳಿಗೆ ತಕ್ಕಂತೆ ವಿಂಗಡಿಸಿದ. ಆ ಏರ್ಪಾಡು ಬೇರೆ ಕಪಾಟುಗಳಿಗೂ ತಾನಾಗಿ ಹಬ್ಬಿತು. ಸ್ಥಳೀಯ ಸಾಹಿತ್ಯಕ್ಕೆ ಪ್ರಾಶಸ್ತ್ಯ ಕೊಡಬಯಸುವ ಗ್ರಂಥಾಲಯಗಳು ಅದಕ್ಕೆ ಚಿಕ್ಕ ಸಂಖ್ಯೆ ಕೊಡಬಹುದೆಂಬ ವಿಕಲ್ಪವೂ ಆ ಪದ್ಧತಿಯಲ್ಲಿಯೇ ಇದೆ. ಆ ವಿಕಲ್ಪವನ್ನು ಆಯ್ದುಕೊಳ್ಳಬೇಕಾದವರು ಗ್ರಂಥಾಲಯದವರು. ಡೈರೆಕ್ಟರಿಯಲ್ಲಿಯೂ ಅಂಥ ವಿಕಲ್ಪವಿದೆ, ಅದನ್ನು ಆಯ್ದುಕೊಳ್ಳಬೇಕಾದವರು ಸಂಸ್ಥೆಯವರು.

7. ಮರುಸಂಘಟನೆಯ ಕ್ರಮ

ಮಹಾಲಕ್ಷ್ಮಿ ಲೇಔಟಿನಂಥ ಬಡಾವಣೆಯಲ್ಲಿ ಒಂದು ಪದವಿ ಕಾಲೇಜು ಇದೆ ಎಂದು ಕಲ್ಪಿಸಿಕೊಂಡು ಮರುಸಂಘಟನೆಯ ಕ್ರಮವನ್ನು ನೋಡಬಹುದು.

ಮೊದಲನೆಯದಾಗಿ, ಸ್ವಂತ ಘಟಕಗಳನ್ನು ರಚಿಸಬೇಕು. ಅಧ್ಯಾಪಕರು, ಸಂಶೋಧನಾರ್ಥಿಗಳು, ವಿದ್ಯಾರ್ಥಿಗಳು, ಕಚೇರಿ ಸಿಬ್ಬಂದಿ ಎಂದು ಬಳಕೆದಾರರಿಗೆ. ಪ್ರಯೋಗಾಲಯ, ಅಧ್ಯಾಪಕರ ಕೊಠಡಿ, ಪರೀಕ್ಷಾ ವಿಭಾಗ ಎಂದು ಗಣಕಗಳಿಗೆ. ಬಳಗಗಳಿಗಾಗಿಯೇ ಒಂದು ಪ್ರತ್ಯೇಕ ಘಟಕ. ಇಲ್ಲಿ ಸಂಸ್ಥೆಯ ಆಡಳಿತನಕ್ಷೆಯನ್ನು ಹಾಗೆಯೇ ಪಡಿಮೂಡಿಸುವ ಮೋಹ ಉಂಟಾಗುತ್ತದೆ. ಅದು ಸರಿಯಲ್ಲ. ಬೇರೆ ನಿಯಮ ಬೇಕೇ, ಬೇರೆ ಮೇಲ್ವಿಚಾರಕರು ಬೇಕೇ ಎಂಬ ಎರಡು ಪ್ರಶ್ನೆಗಳಲ್ಲಿ ಒಂದಕ್ಕಾದರೂ 'ಹೌದು' ಎಂಬ ಉತ್ತರವಿದ್ದಾಗ ಮಾತ್ರ ಪ್ರತ್ಯೇಕ ಘಟಕಕ್ಕೆ ಅರ್ಥವಿದೆ. ಕನ್ನಡ ಮತ್ತು ಇತಿಹಾಸ ವಿಭಾಗಗಳಿಗೆ ಒಂದೇ ನಿಯಮ, ಒಬ್ಬರೇ ಮೇಲ್ವಿಚಾರಕರಾದರೆ ಎರಡು ಘಟಕಗಳು ಅನಗತ್ಯ. ಅವುಗಳ ಭೇದವನ್ನು ಬಳಗಗಳಿಂದ ತೋರಿಸಿದರೆ ಸಾಕು.

ಎರಡನೆಯದಾಗಿ, ತಾನಾಗಿ ಬೀಳುವ ಸ್ಥಳವನ್ನು ಬದಲಾಯಿಸಬೇಕು. ವಿಂಡೋಸ್ ಸರ್ವರ್ 2003ರಿಂದ ಇದಕ್ಕೆಂದೇ 'ರೆಡಿರ್‌ಯೂಸರ್' ಮತ್ತು 'ರೆಡಿರ್‌ಕಾಂಪ್' ಎಂಬ ಎರಡು ಆದೇಶಗಳಿವೆ. ಮೊದಲನೆಯದು ಹೊಸ ಬಳಕೆದಾರರನ್ನೂ, ಎರಡನೆಯದು ಹೊಸ ಗಣಕಗಳನ್ನೂ ನಾವು ಸೂಚಿಸಿದ ಘಟಕಕ್ಕೆ ಕಳುಹಿಸುತ್ತವೆ. ಹೀಗೆ ಸೂಚಿಸುವ ಘಟಕವು ಅತ್ಯಂತ ಬಿಗಿಯಾದ ನಿಯಮಗಳುಳ್ಳ 'ತಂಗುದಾಣ'ವಾಗಿದ್ದರೆ ಒಳಿತು. ವಿಂಗಡಣೆಯಾಗುವವರೆಗೆ ಹೊಸ ಗಣಕಕ್ಕೆ ಕನಿಷ್ಠ ಸೌಲಭ್ಯ ಮಾತ್ರ ದೊರೆಯುತ್ತದೆ. ಮರೆವಿನಿಂದ ಅದು ಅಲ್ಲಿಯೇ ಉಳಿದರೂ ಹಾನಿಯಾಗದು. ಸೌಲಭ್ಯ ಸಾಲದೆಂಬ ದೂರು ಬಂದು ಮರೆವು ತಾನೇ ಬಯಲಾಗುತ್ತದೆ. ಇದರೊಂದಿಗೆ, ಯಾರು ಬೇಕಾದರೂ 10 ಗಣಕಗಳನ್ನು ಸೇರಿಸಬಹುದೆಂಬ ಮಿತಿಯನ್ನು ಸೊನ್ನೆಗಿಳಿಸಿ, ಆ ಕೆಲಸವನ್ನು ನಿರ್ದಿಷ್ಟ ಬಳಗಕ್ಕೆ ವಹಿಸಬೇಕು.

ಮೂರನೆಯದಾಗಿ, ಪೂರ್ವನಿಯೋಜಿತ ಆವರಣಗಳನ್ನು ಪೂರ್ವನಿಯೋಜಿತ ವಸ್ತುಗಳಿಗೇ ಬಿಟ್ಟುಕೊಡಬೇಕು. ಬಿಲ್ಟಿನ್ ಆವರಣದ ಬಳಗಗಳನ್ನು ಸ್ಥಳಾಂತರಿಸಲು ಬಾರದು. ಯೂಸರ್ಸ್ ಆವರಣದ ಮೂಲ ಬಳಗಗಳನ್ನು ಸ್ಥಳಾಂತರಿಸಬಹುದಾದರೂ ಅದರಿಂದ ವಿಶೇಷ ಪ್ರಯೋಜನವಿಲ್ಲ. ಕೇಶಿರಾಜರಂಥ ನಿತ್ಯದ ಬಳಕೆದಾರರನ್ನು ಅಲ್ಲಿಂದ ತಮ್ಮ ಘಟಕಕ್ಕೆ ಸಾಗಿಸುವುದು ಮಾತ್ರ ಅಗತ್ಯ. ಅಳಿಸುವಿಕೆಯಿಂದ ರಕ್ಷಿಸುವ ಆಯ್ಕೆಯನ್ನು ಘಟಕಗಳಿಗೆ ಅನ್ವಯಿಸಿಡುವುದೂ ಮುಖ್ಯ.

ನಾಲ್ಕನೆಯದಾಗಿ, ಹಕ್ಕುಗಳನ್ನು ಸ್ವಂತ ಬಳಗಗಳ ಮೂಲಕವೇ ಕೊಡಬೇಕು. ಇದಕ್ಕೆ ರೂಢಿಯಲ್ಲಿರುವ ಕ್ರಮದಲ್ಲಿ ಎರಡು ಬಗೆಯ ಬಳಗಗಳಿರುತ್ತವೆ. ಒಂದು 'ಯಾರು' ಎಂಬುದನ್ನು ಹೇಳುತ್ತದೆ: 'ಹಸ್ತಪ್ರತಿ ಯೋಜನೆಯ ಸಂಶೋಧಕರು'. ಇನ್ನೊಂದು 'ಏನು' ಎಂಬುದನ್ನು ಹೇಳುತ್ತದೆ: 'ಹಸ್ತಪ್ರತಿ ಸಂಗ್ರಹವನ್ನು ತಿದ್ದಬಲ್ಲವರು'. ವ್ಯಕ್ತಿಗಳನ್ನು ಮೊದಲನೆಯ ಬಳಗಕ್ಕೆ, ಆ ಬಳಗವನ್ನು ಎರಡನೆಯ ಬಳಗಕ್ಕೆ ಸೇರಿಸಿ, ಕಡತದ ಮೇಲಿನ ಹಕ್ಕನ್ನು ಎರಡನೆಯ ಬಳಗಕ್ಕೆ ಮಾತ್ರ ಕೊಡಲಾಗುತ್ತದೆ. ಕೇಶಿರಾಜರು ನಿವೃತ್ತರಾದಾಗ ಒಂದು ಬಳಗದಿಂದ ಅವರ ಹೆಸರನ್ನು ತೆಗೆದರೆ ಸಾಕು, ಹೊಸಬರು ಬಂದಾಗ ಒಂದು ಬಳಗಕ್ಕೆ ಸೇರಿಸಿದರೆ ಸಾಕು. ಹಕ್ಕುಗಳನ್ನು ವ್ಯಕ್ತಿಯ ಹೆಸರಿಗೇ ಬರೆದಿಟ್ಟಿದ್ದರೆ, ಸಾವಿರಾರು ಕಡತಗಳಲ್ಲಿ ಎಲ್ಲೆಲ್ಲಿ ಅವರ ಹೆಸರಿದೆ ಎಂದು ಹುಡುಕಬೇಕಾಗುತ್ತದೆ. ಹಾಗೆ ಹುಡುಕುವವರಿಲ್ಲದಾಗ ಎರಡರಲ್ಲಿ ಒಂದು ಸಂಭವಿಸುತ್ತದೆ. ಬಿಟ್ಟುಹೋದವರ ಕೈಯಲ್ಲಿ ಬೀಗದ ಕೈ ಉಳಿಯುತ್ತದೆ, ಇಲ್ಲವೇ ಅವರ ಖಾತೆಯನ್ನು ಅಳಿಸಿದ ಮೇಲೆ ದಶಕಗಳ ಕ್ಷೇತ್ರಕಾರ್ಯದ ಸಾಮಗ್ರಿ ವಿಭಾಗದವರಿಗೇ ತೆರೆಯಲಾಗದ ಸ್ಥಿತಿಗೆ ಬರುತ್ತದೆ.

8. ಪರಿಭಾಷೆಯ ಪ್ರಶ್ನೆ

ಗ್ರೂಪ್ ಎಂಬುದಕ್ಕೆ 'ಗುಂಪು' ಎಂಬ ಪದವೇ ಮೊದಲು ಹೊಳೆಯುತ್ತದೆ. ಆದರೆ ಗುಂಪು ಎಂಬಲ್ಲಿ ಒಂದೆಡೆ ನೆರೆದಿರುವ ಭಾವವಿದೆ. ಅದು ಬಳಗಕ್ಕಿಂತ ಆವರಣಕ್ಕೇ ಹತ್ತಿರವಾಗುತ್ತದೆ. 'ವರ್ಗ' ಎಂದರೂ ಅದೇ ತೊಂದರೆ. ಕಂಟೇನರಿಗೂ ಗ್ರೂಪಿಗೂ ಆ ಪದ ಸಮಾನವಾಗಿ ಸಲ್ಲುತ್ತದೆ. 'ಬಂಧುಬಳಗ' ಎಂಬ ಜೋಡುನುಡಿಯಲ್ಲಿ ಬಳಗಕ್ಕೆ ಸ್ಥಳದ ಹಂಗಿಲ್ಲ. ಮೈಸೂರಿನಲ್ಲಿರುವವರೂ ಕಾಸರಗೋಡಿನಲ್ಲಿರುವವರೂ ಒಂದೇ ಬಳಗದವರಾಗಬಲ್ಲರು, ಒಬ್ಬರೇ ಎರಡು ಬಳಗಗಳಿಗೆ ಸೇರಬಲ್ಲರು. 'ಆವರಣ' ಎಂಬುದಾದರೋ 'ಕಾಲೇಜಿನ ಆವರಣ' ಎಂಬ ನಿತ್ಯದ ಬಳಕೆಯಲ್ಲಿ ಸ್ಥಾನವನ್ನೇ ಹೇಳುತ್ತದೆ. ಆದ್ದರಿಂದ ಈ ಜೋಡಿ ಸೂಕ್ತವೆಂದು ತೋರುತ್ತದೆ. ನಿಯಮಾವಳಿಗೆ ಒಳಪಡುವ ಆವರಣವನ್ನು 'ಘಟಕ' ಎಂದು ಪ್ರತ್ಯೇಕಿಸಿದರೆ ನಾಲ್ಕನೆಯ ಭಾಗದಲ್ಲಿ ವಿವರಿಸಿದ ಭೇದವೂ ಉಳಿಯುತ್ತದೆ.

ಡೀಫಾಲ್ಟ್ ಎಂಬ ಪದದ ಕಥೆ ಇನ್ನೂ ಕುತೂಹಲಕರ. ಕನ್ನಡದ ತಂತ್ರಾಂಶಗಳಲ್ಲಿ ಇದು 'ಪೂರ್ವನಿಯೋಜಿತ' ಎಂದಾಗಿದೆ. ಈ ಲೇಖನವೂ ಅದನ್ನೇ ಬಳಸಿದೆ. ಸಹಕಾರ ಸಂಘಗಳ, ಬ್ಯಾಂಕುಗಳ ಕನ್ನಡದಲ್ಲಿ ಇದೇ ಇಂಗ್ಲಿಷ್ ಪದಕ್ಕೆ 'ಸುಸ್ತಿ' ಎಂಬ ಸಮಾನಪದವಿದೆ. ಸಾಲದ ಕಂತನ್ನು ಕಟ್ಟದೆ ಉಳಿದವರು 'ಸುಸ್ತಿದಾರರು'. ಫಾರಸಿ ಮೂಲದ ಈ ಪದದ ಅರ್ಥ ಆಲಸ್ಯ, ಸಡಿಲಿಕೆ. ಆಡುಮಾತಿನ 'ಸುಸ್ತು' ಇದರದೇ ಬಂಧು. ಇಂಗ್ಲಿಷ್ ಪದದ ಮೂಲಾರ್ಥವೂ ಕೊರತೆ, ಮಾಡಬೇಕಾದುದನ್ನು ಮಾಡದಿರುವುದು ಎಂದೇ ಆಗಿದೆ. 'ಪೂರ್ವನಿಯೋಜಿತ' ಎಂದಾಗ ಯಾರೋ ನಮಗಾಗಿ ಮುಂಚಿತವಾಗಿ ಆಲೋಚಿಸಿ ಇಟ್ಟಿದ್ದಾರೆ ಎಂಬ ಭರವಸೆ ಮೂಡುತ್ತದೆ. 'ಸುಸ್ತಿ' ಎಂದಾಗ ನಾವು ಮಾಡದೆ ಬಿಟ್ಟ ಕೆಲಸ ನೆನಪಾಗುತ್ತದೆ. ತಂತ್ರಾಂಶ ತಯಾರಕರ ಕಡೆಯಿಂದ ನೋಡಿದರೆ ಮೊದಲನೆಯದು ಸರಿ, ಬಳಸುವ ಸಂಸ್ಥೆಯ ಕಡೆಯಿಂದ ನೋಡಿದರೆ ಎರಡನೆಯದು ಹೆಚ್ಚು ನಿಜ. ರೂಢಿಗೆ ಬಂದ ಪದವನ್ನು ಬದಲಿಸಬೇಕೆಂಬ ವಾದ ಇಲ್ಲಿಯದಲ್ಲ. ಅದರ ಬೆನ್ನಿಗಿರುವ ಇನ್ನೊಂದು ಅರ್ಥವನ್ನು ಮರೆಯಬಾರದೆಂಬುದಷ್ಟೇ ಆಶಯ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಡೈರೆಕ್ಟರಿಯಲ್ಲಿ ಇರುವಿಕೆಯೂ ಸೇರಿಕೆಯೂ ಬೇರೆಬೇರೆ. ಮೊದಲನೆಯದು ಆಡಳಿತಕ್ಕೆ, ಎರಡನೆಯದು ಹಕ್ಕಿಗೆ ಸಂಬಂಧಿಸಿದ್ದು. ಪೂರ್ವನಿಯೋಜಿತ ಆವರಣವು ವಿಶೇಷ ನಿಯಮಗಳು ತಲುಪದ ಸ್ಥಳ, ಪೂರ್ವನಿಯೋಜಿತ ಬಳಗವು ಹೆಸರಿಗಿಂತ ಹೆಚ್ಚಿನ ಅಧಿಕಾರವಿರುವ ಸ್ಥಳ. ಆದ್ದರಿಂದ ನಿತ್ಯದ ಬಳಕೆದಾರರನ್ನೂ ಗಣಕಗಳನ್ನೂ ಮೊದಲನೆಯದರಿಂದ ಹೊರತರಬೇಕು, ಎರಡನೆಯದಕ್ಕೆ ಸೇರಿಸದಿರಬೇಕು.

ಈ ಕೆಲಸವನ್ನು ಯಂತ್ರದ ಮುಂದೆ ಕುಳಿತು ಮಾಡುವವರು ತಂತ್ರಜ್ಞರೇ. ಆದರೆ ಹಸ್ತಪ್ರತಿ ಸಂಗ್ರಹವನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ಕ್ಷೇತ್ರಕಾರ್ಯದಲ್ಲಿ ವಕ್ತೃಗಳು ವಿಶ್ವಾಸದಿಂದ ಹೇಳಿದ ಮಾತುಗಳ ಧ್ವನಿಮುದ್ರಣವನ್ನು ಯಾರು ಕೇಳಬಹುದು ಎಂಬುದನ್ನು ಅವರು ನಿರ್ಧರಿಸಲಾರರು. ಬಳಗಗಳ ಪಟ್ಟಿಯನ್ನು, ಪ್ರತಿಯೊಂದು ಬಳಗ ಏನನ್ನು ಮಾಡಬಲ್ಲದು ಎಂಬ ಒಂದು ಸಾಲಿನ ವಿವರಣೆಯೊಂದಿಗೆ, ವಿಭಾಗವೇ ಕನ್ನಡದಲ್ಲಿ ಬರೆದು ಕೊಡಬೇಕು. ವರ್ಷಕ್ಕೊಮ್ಮೆ ವಿಭಾಗದ ಸಭೆಯಲ್ಲಿ ಅದನ್ನು ಓದಿ ಪರಿಷ್ಕರಿಸಬೇಕು. ಹಾಗೆ ಮಾಡದಿದ್ದಲ್ಲಿ ನಿರ್ಧಾರವೇನೂ ನಿಲ್ಲುವುದಿಲ್ಲ. ನಮ್ಮ ಸಂಗ್ರಹದ ಬಗೆಗಿನ ನಿರ್ಧಾರವನ್ನು ಆ ಸಂಗ್ರಹದಲ್ಲಿ ಏನಿದೆ ಎಂದು ಅರಿಯದವರು ಮೊದಲೇ ಮಾಡಿಟ್ಟಿರುತ್ತಾರೆ.